ತೊಟ್ಟಿಲಿಗೆ ಹಾಕುವ ಮುನ್ನ

ಜನವರಿ ೩, ೨೦೦೫, ಸೋಮವಾರ

ಹೊಸ ವರ್ಷದ ಡೈರಿಯನ್ನು ಮೂರನೇ ತಾರೀಖಿಗೆ ತೆರೆಯುವುದು ನನ್ನ ಜಾಯಮಾನಕ್ಕೆ ಒಗ್ಗುವಂಥದ್ದಲ್ಲ. ಮೊದಲೆರಡು ದಿನ ಶ್ರೀಹರ್ಷನ ಆಫೀಸಿನವರ ಪಾರ್ಟಿ, ಗೃಹಪ್ರವೇಶ ಎಂದು ಹಾಳಾದವು. ಆಂಧ್ರದ ರಾಜಧಾನಿಯ ಅಂಚಿನ ಈ ಕೊಂಡಾಪುರದಲ್ಲಿ ಈಗ ವಾರಕ್ಕೊಂದು ಗೃಹಪ್ರವೇಶ. ನನ್ನ ಗಂಡನ ಕಂಪನಿಯಲ್ಲಿ ಇಪ್ಪತ್ತೈದರ ಹುಡುಗರೂ ಫ್ಲ್ಯಾಟಿನ ಕೀಲಿಕೈ ಗೊಂಚಲು ಕುಣಿಸುತ್ತ ಓಡಾಡುತ್ತಾರೆ. ಅವರ ನಡುವೆ ನಾನು ಇಲಿ ಸಾಕುವ ಹೆಂಗಸು. "ಲ್ಯಾಬ್‌ನಲ್ಲಿ ಏನ್ಮಾಡ್ತೀರಿ ಮೇಡಂ?" ಎಂದು ಒಬ್ಬ ಕೇಳಿದ. ಹೊಟ್ಟೆಯೊಳಗಿನ ಇಲಿಮರಿ ಗಂಡಾಗಬೇಕೋ ಹೆಣ್ಣಾಗಬೇಕೋ ಎಂಬುದು ಯಾವ ಹೊತ್ತಿಗೆ ತೀರ್ಮಾನವಾಗುತ್ತದೆ ಎಂದು ನೋಡುತ್ತೇನೆ ಎಂದೆ. ಪಕೋಡ ತರುತ್ತೇನೆ ಎಂದು ಹೋದವನು ಮರಳಿ ಬರಲಿಲ್ಲ.

ಇಂದು ಒಂದು ತಾಯಿ ಇಲಿಯ ಭ್ರೂಣಗಳನ್ನು ನೋಡಿದೆ. ಹತ್ತು ದಿನ ಕಳೆಯುವವರೆಗೂ ಪ್ರತಿ ಭ್ರೂಣದೊಳಗೂ ಒಂದೇ ತರಹದ ಗಂಟು. ಅದು ವೃಷಣವೂ ಆಗಬಹುದು, ಅಂಡಾಶಯವೂ ಆಗಬಹುದು. ಗಂಡಿನ ವೈ ಕ್ರೋಮೋಸೋಮಿನಲ್ಲಿರುವ ಒಂದು ಜೀನು ಆಗ ಎದ್ದು, ಕೆಲವೇ ಗಂಟೆ ಕೆಲಸ ಮಾಡಿ, ಮತ್ತೆ ಮಲಗುತ್ತದೆ. ನನ್ನ ತಳಿಯಲ್ಲಿ ಅದು ತುಸು ತಡವಾಗಿ ಏಳುತ್ತದೆ. ಪಂಕ್ತಿಯವರೆಲ್ಲ ಕೈ ತೊಳೆದ ಮೇಲೆ ಹೋಳಿಗೆ ಹಿಡಿದು ಬಂದವನ ಪಾಡು ಅದರದ್ದು. ಅಷ್ಟರಲ್ಲಿ ಗಂಟು ಅಂಡಾಶಯದ ದಾರಿ ಹಿಡಿದಿರುತ್ತದೆ. ಎಷ್ಟು ತಡವಾದರೆ ಕೆಲಸ ಕೆಡುತ್ತದೆ ಎಂಬುದೇ ಮೂರು ವರ್ಷದಿಂದ ನನ್ನ ಪ್ರಶ್ನೆ.

ಇಂದಿನ ಬಲಿತ ಭ್ರೂಣಗಳಲ್ಲಿ ಎರಡು ಮಿಶ್ರ: ನಡುವೆ ವೃಷಣ, ಎರಡೂ ತುದಿಗೆ ಅಂಡಾಶಯ. ನನ್ನ ಕೋಷ್ಟಕದ ಯಾವ ಸಾಲಿಗೂ ಸೇರದವು. 'ಇತರೆ' ಎಂದು ಬರೆದು ಬದಿಗಿಟ್ಟೆ. ತಿಂಗಳ ಕೊನೆಗೆ ಪ್ರಬಂಧ ಕಳಿಸಬೇಕು. ಅಡ್ಡಗೋಡೆಯ ಮೇಲೆ ದೀಪ ಇಟ್ಟಂಥ ಇವುಗಳಿಂದ ನನಗೇನೂ ಉಪಕಾರವಿಲ್ಲ.

ಸಂಜೆ ಮನೆಗೆಲಸದ ಯಂಕಮ್ಮ ಪೇಢೆ ತಂದಳು. ಅವಳ ಮಗಳು ಗುರುದೇವಿಗೆ ನಿನ್ನೆ ಸರ್ಕಾರಿ ಆಸ್ಪತ್ರೆಯಲ್ಲಿ ಹೆರಿಗೆಯಾಗಿದೆ. ಮಗಳೂ ಅಳಿಯ ಬಂಡೆಪ್ಪನೂ ನಮ್ಮ ಹಿಂದೆ ಏಳುತ್ತಿರುವ ಅಪಾರ್ಟ್‌ಮೆಂಟಿನ ಕೆಲಸಕ್ಕೆಂದು ಲಿಂಗಸುಗೂರಿನ ಕಡೆಯಿಂದ ಬಂದವರು. "ಗಂಡು ಆಗೈತ್ರಿ" ಎಂದಳು. ಅಜ್ಜಿಯಾದವಳ ಮುಖದಲ್ಲಿ ಕಳೆಯೇ ಇರಲಿಲ್ಲ. ದಣಿವಿರಬೇಕು.

ಜನವರಿ ೫, ಬುಧವಾರ

ದಣಿವಲ್ಲ. ಇಂದು ಯಂಕಮ್ಮ ಪಾತ್ರೆ ಅರ್ಧಕ್ಕೆ ಬಿಟ್ಟು ಅಡುಗೆಮನೆಯ ನೆಲದ ಮೇಲೆ ಕುಳಿತುಬಿಟ್ಟಳು.

"ನರ್ಸಮ್ಮ ಮೊದಲ ಗಂಡು ಅಂದ್ಳ್ರಿ. ನಮ್ಮ ಬಂಡೆಪ್ಪ ಅಲ್ಲಿಂದನ ಓಡಿ ಹೋಗಿ ಪೇಢೆ ಹಂಚಿದ. ಆಮ್ಯಾಲ ದೊಡ್ಡ ಡಾಕ್ಟರ್ ಬಂದು ನೋಡಿ, ತಿಂಗ್ಳ ಬಿಟ್ಟು ಕರಕೊಂಡು ಬರ್ರಿ, ಟೆಸ್ಟ್ ಮಾಡೋಣು ಅಂದ್ರು. ಗಂಡಂದ್ರ ಗಂಡಲ್ಲ, ಹೆಣ್ಣಂದ್ರ ಹೆಣ್ಣಲ್ಲರಿ ಅಮ್ಮಾರ."

ನಾನು ಕೈಯಲ್ಲಿದ್ದ ಚಹಾ ಕೆಳಗಿಟ್ಟೆ.

"ನೀವು ಇಲ್ಯಾಗ ಗಂಡು ಹೆಣ್ಣು ಮಾಡ್ತೀರಂತಲ್ಲರಿ. ನಮ್ಮ ಕೂಸಿಗೂ ಒಂದೀಟು ನೋಡ್ರಿ."

ನಾನು ಮಾಡುವುದಿಲ್ಲ, ಬರೀ ನೋಡುತ್ತೇನೆ, ಅದೂ ಇಲಿಯಲ್ಲಿ, ನಾನು ಡಾಕ್ಟರಲ್ಲ ಎಂದೆಲ್ಲ ಹೇಳಿದೆ. ಗೋಡೆಗೆ ಹೇಳಿದಂತಾಯಿತು. ಅವರಲ್ಲಿ ಹೆಸರಿಡುವ ದಿನವೇ ಕೂಸನ್ನು ಮೊದಲ ಸಲ ತೊಟ್ಟಿಲಿಗೆ ಹಾಕುವುದು. ಗಂಡೋ ಹೆಣ್ಣೋ ತಿಳಿಯದೆ ಹೆಸರಿಲ್ಲ, ಹೆಸರಿಲ್ಲದೆ ತೊಟ್ಟಿಲಿಲ್ಲ. "ಊರಾಗ ಗೊತ್ತಾದ್ರ ಗುಡ್ಡಕ್ಕ ಬಿಟ್ಟು ಬರ್ರಿ ಅಂತಾರ" ಎಂದಳು. ದೇವಿಯ ಗುಡ್ಡದಲ್ಲಿ ಕೂಸನ್ನು ಜೋಗಪ್ಪಗಳ ಮಡಿಲಿಗೆ ಹಾಕಿ ಬರುವುದು ಎಂದು ಅರ್ಥ. "ಹೆತ್ತ ಕೂಸ ಹೆಂಗ ಬಿಡಬೇಕ್ರಿ?"

ನಿಜ ಹೇಳಬೇಕೆಂದರೆ ನನಗೆ ಮರುಕಕ್ಕಿಂತ ಮೊದಲು ಬಂದದ್ದು ಕುತೂಹಲ.

ಜನವರಿ ೭, ಶುಕ್ರವಾರ

ಲ್ಯಾಬ್‌ಗೆ ಹೋಗುವ ಮೊದಲು ಹಿಂದಿನ ಕಟ್ಟಡದ ತಗಡಿನ ಗುಡಿಸಲಿಗೆ ಹೋಗಿ ಬಂದೆ. ಒಳಗೆ ಬಿದಿರಿಗೆ ಹಸಿರು ಸೀರೆ ಕಟ್ಟಿ ತೊಟ್ಟಿಲು ಮಾಡಿಟ್ಟಿದ್ದಾರೆ. ಅದು ಖಾಲಿ ತೂಗುತ್ತಿತ್ತು. ಮಗು ಕೆಳಗೆ ಕೌದಿಯ ಮೇಲಿತ್ತು.

ಹೊರನೋಟಕ್ಕೆ ಗಂಡು ಎನ್ನಬೇಕು, ಆದರೆ ಬೀಜಗಳು ಕೈಗೆ ಸಿಗುವುದಿಲ್ಲ. ಅಲ್ಲಿಯ ಚರ್ಮ ಉಳಿದ ಮೈಗಿಂತ ಎಷ್ಟೋ ಕಪ್ಪು. "ಅಪ್ಪನ ಬಣ್ಣರಿ" ಎಂದಳು ಯಂಕಮ್ಮ. ಗುರುದೇವಿ ಇನ್ನೂ ಹುಡುಗಿ; ಯಾರಾದರೂ ಒಮ್ಮೆ ಮುದ್ದಾಡಲಿ ಎಂಬಂತೆ "ಎತ್ಕೋರಿ" ಎಂದು ಮಗುವನ್ನು ನನ್ನ ಮುಂದೆ ಹಿಡಿದಳು. ಮಕ್ಕಳನ್ನು ಎತ್ತಿಕೊಳ್ಳಲು ನನಗೆ ಬರುವುದಿಲ್ಲ. ಕೈಗೆ ಔಷಧಿ ಅಂಟಿದೆ ಎಂದು ಸುಳ್ಳು ಹೇಳಿದೆ. ಅಷ್ಟರಲ್ಲಿ ಅದು ಕುಡಿದ ಹಾಲನ್ನೆಲ್ಲ ಕಕ್ಕಿತು. ಒರೆಸಲು ನನ್ನ ಕರವಸ್ತ್ರ ಕೊಟ್ಟೆ.

ನನಗೆ ಅನುಮಾನವೇ ಉಳಿದಿಲ್ಲ. ವೈ ಇದೆ, ಜೀನು ತಡವಾಗಿ ಎದ್ದಿದೆ, ಕೆಲಸ ಅರ್ಧಕ್ಕೆ ನಿಂತಿದೆ. ಮೂರು ವರ್ಷ ಇಲಿಗಳಲ್ಲಿ ಹುಡುಕಿದ್ದು ನನ್ನ ಅಡುಗೆಮನೆಯ ಕಿಟಕಿಯಾಚೆಗೇ ಇತ್ತು. ಗುರುದೇವಿಯನ್ನು ಕೇಳಿ, ಮಗುವಿನ ಕೆನ್ನೆಯೊಳಗೆ ಹತ್ತಿಕಡ್ಡಿ ಆಡಿಸಿ, ಕೊಳವೆಯಲ್ಲಿಟ್ಟುಕೊಂಡೆ.

ಹೊರಡುವಾಗ ಬಂಡೆಪ್ಪ ಬಾಗಿಲಲ್ಲಿ ನಿಂತಿದ್ದ. ಕೈಗೆಲ್ಲ ಸಿಮೆಂಟು. ಮಗುವಿನ ಕಡೆ ನೋಡಲಿಲ್ಲ.

"ಮೇಡಂ, ಪೇಢೆ ಹಂಚೀನ್ರಿ ನಾ, ಎಲ್ಲಾರ್ಗೂ. ಗಂಡಂತ ಒಂದು ಚೀಟಿ ಬರದು ಕೊಡ್ರಿ, ಸಾಕು."

ಬರೆದುಕೊಡಲು ನಾನು ಯಾರಪ್ಪ ಎಂದೆ. ಅವನು ತಲೆ ತಗ್ಗಿಸಿ ಮೇಲಿನ ಮಹಡಿಗೆ ಹತ್ತಿಹೋದ.

ಜನವರಿ ೧೦, ಸೋಮವಾರ

ಬಸ್ಸು ಅಮೀರ್‌ಪೇಟ್‌ನಲ್ಲಿ ಮುಕ್ಕಾಲು ಗಂಟೆ ನಿಂತಿತು. ಆಂಧ್ರದ ಅರ್ಧ ಹುಡುಗರು ಜಾವಾ ಕಲಿಯಲು ಅಲ್ಲೇ ಇಳಿಯುತ್ತಾರೆ. ಲ್ಯಾಬ್ ಸೇರುವಷ್ಟರಲ್ಲಿ ತಲೆ ಕೆಟ್ಟಿತ್ತು. ಎದುರಿನ ಲ್ಯಾಬ್‌ನವರಿಂದ ಮನುಷ್ಯರ ವೈ ಪತ್ತೆಗೆ ಬೇಕಾದ ರಾಸಾಯನಿಕ ಕೇಳಿ ತಂದೆ. ನಮ್ಮ ಲ್ಯಾಬ್‌ನ ಮುಖ್ಯಸ್ಥರಾದ ಗುರುರಾಜ ಸರ್‌ಗೆ ಹೇಳಿಲ್ಲ. ಹೇಳಿದರೆ ಇಲಿ ಬಿಟ್ಟು ಊರ ಉಸಾಬರಿ ನಿಮಗೇಕೆ ಎನ್ನುತ್ತಾರೆ.

ಯಂಕಮ್ಮ ತಡವಾಗಿ ಬಂದಳು. ಪಾತ್ರೆಗೆ ಹುಣಸೆಯ ವಾಸನೆ ಹಾಗೇ ಉಳಿದಿತ್ತು. ಕೂಸು ಹಾಲು ಹಿಡಿಯುತ್ತಿಲ್ಲವಂತೆ. "ಕುಡದದ್ದೆಲ್ಲ ಕಾರಾಕತ್ತೈತ್ರಿ. ದೃಷ್ಟಿ ಆಗೈತಿ" ಎಂದಳು. ಗ್ರೈಪ್ ವಾಟರ್ ಕುಡಿಸು ಎಂದೆ.

ಜನವರಿ ೧೨, ಬುಧವಾರ

ವೈ ಇಲ್ಲ.

ಪರೀಕ್ಷೆಯನ್ನು ಎರಡು ಸಲ ಓಡಿಸಿದೆ. ಹೋಲಿಕೆಗೆಂದು ತೆಗೆದ ಶ್ರೀಹರ್ಷನ ಕೆನ್ನೆಯದ್ದರಲ್ಲಿ ವೈ ಗೆರೆ ಎಳೆದಂತೆ ಬಂದಿದೆ. ನನ್ನದರಲ್ಲಿ ಇಲ್ಲ, ಮಗುವಿನದರಲ್ಲಿ ಇಲ್ಲ. ತಡವಾಗಿ ಎದ್ದ ಜೀನು ಎಂದು ನಾನು ಕಟ್ಟಿದ ಕಥೆಯಲ್ಲಿ ಜೀನೇ ಇಲ್ಲ. ಭಾರೀ ನಿರಾಸೆಯಾಯಿತು. ಮಧ್ಯಾಹ್ನ ಊಟ ಕೂಡ ಸೇರಲಿಲ್ಲ. ಹಾಗಾದರೆ ಆ ಮಗು ಹಾಗೇಕಿದೆ? ಧಾರವಾಡದಲ್ಲಿ ನನ್ನೊಡನೆ ಓದಿದ ಶೋಭಾ ಇಲ್ಲೇ ಹಿಮಾಯತ್‌ನಗರದಲ್ಲಿ ಮಕ್ಕಳ ಡಾಕ್ಟರು. ನಾಳೆ ಅವಳನ್ನು ಕೇಳಬೇಕು. ಗೊತ್ತಿಲ್ಲ ಎಂದು ಅವಳ ಮುಂದೆ ಒಪ್ಪಿಕೊಳ್ಳುವುದು ಸ್ವಲ್ಪ ಕಷ್ಟ. ಶಾಲೆಯಲ್ಲಿ ನಾನೇ ಯಾವಾಗಲೂ ಮೊದಲು.

ಮಗು ಇಂದು ಅತ್ತೇ ಇಲ್ಲವಂತೆ, ದಿನವಿಡೀ ಮಲಗಿದೆಯಂತೆ. ನಿದ್ದೆ ಒಳ್ಳೆಯದು ಎಂದು ಯಂಕಮ್ಮನಿಗೆ ಹೇಳಿದೆ.

ಜನವರಿ ೧೩, ಗುರುವಾರ

ಆಸ್ಪತ್ರೆಯ ಬೆಂಚಿನ ಮೇಲೆ ಕುಳಿತು ಬರೆಯುತ್ತಿದ್ದೇನೆ.

ಬೆಳಿಗ್ಗೆ ಶೋಭಾಗೆ ಫೋನ್ ಮಾಡಿದೆ. ಮಗು ನೋಡಲು ಹೀಗಿದೆ, ವೈ ಮಾತ್ರ ಇಲ್ಲ, ನಿನಗೇನನ್ನಿಸುತ್ತದೆ ಎಂದು ಒಗಟು ಒಡ್ಡುವವಳಂತೆ ಕೇಳಿದೆ. ಅವಳು ಒಗಟು ಬಿಡಿಸಲಿಲ್ಲ.

"ಅಹಲ್ಯಾ, ಕೂಸು ಹಾಲು ಕುಡೀತದನು?"

"ಇಲ್ಲ."

"ವಾಂತಿ?"

"ಮಾಡ್ತದ."

"ಅಳ್ತದನು?"

"ನಿನ್ನೆಯಿಂದ ಅತ್ತಿಲ್ಲ."

"ಹೆಣ್ಣು ಗಂಡು ಆಮ್ಯಾಲ ನೋಡೋಣು. ಮೊದಲ ಉಪ್ಪು. ಈಗಿಂದೀಗ ಎತ್ಕೊಂಡು ಬಾ."

ಹೇಗೆ ಓಡಿದೆನೋ ತಿಳಿಯದು. ಮಗುವಿನ ಕಣ್ಣು ಒಳಗೆ ಹೋಗಿದ್ದವು. ಬಂಡೆಪ್ಪ ಕಟ್ಟಿಗೆಯ ಅಟ್ಟಣಿಗೆಯಿಂದ ಜಾರಿಕೊಂಡೇ ಇಳಿದ. ಶ್ರೀಹರ್ಷ ಆಫೀಸಿನಿಂದ ಕಾರು ತಂದ. ಭೋಗಿ ಹಬ್ಬದ ಸಂತೆಗೆ ಅಮೀರ್‌ಪೇಟ್ ಕಟ್ಟಿಕೊಂಡಿತ್ತು. ಬಂಡೆಪ್ಪ ಕಾರಿನಿಂದ ಇಳಿದು, ಮುಂದೆ ಓಡುತ್ತ, ಎರಡೂ ಕೈ ಬೀಸಿ ಆಟೋಗಳನ್ನು ಬದಿಗೆ ಸರಿಸುತ್ತಿದ್ದ. "ಜರಗಂಡಿ, ನಾ ಬಿಡ್ಡ, ನಾ ಬಿಡ್ಡ" ಎಂದು ತೆಲುಗಿನಲ್ಲಿ ಕೂಗುತ್ತಿದ್ದ. ಸರೀರಿ, ನನ್ನ ಕೂಸು, ನನ್ನ ಕೂಸು. ಕಾರು ಹತ್ತುವಾಗ ಗುರುದೇವಿ ಮಗುವನ್ನು ನನ್ನ ಮಡಿಲಿಗೆ ಹಾಕಿದ್ದಳು. ಅದರ ಮೈ ತಣ್ಣಗಿತ್ತು.

ಮೂತ್ರಪಿಂಡದ ಮೇಲಿನ ಗ್ರಂಥಿಯ ದೋಷ. ಮೈಯಲ್ಲಿ ಉಪ್ಪು ನಿಲ್ಲಿಸುವ ರಸ ಅದರಿಂದ ಹೊರಡುವುದಿಲ್ಲ. ಬದಲಿಗೆ ಗಂಡಿನ ರಸ ಅತಿಯಾಗಿ ಹೊರಟು ಹೊರಮೈ ಗಂಡಿನಂತಾಗುತ್ತದೆ. ಒಳಗೆ ಗರ್ಭಕೋಶ ಇದೆ, ಅಂಡಾಶಯ ಇದೆ. ಕಪ್ಪಾದ ಚರ್ಮವೂ ಅದರದೇ ಗುರುತು. ಪುಸ್ತಕದಲ್ಲಿ ಎಂದೋ ಓದಿದ್ದೆ. ನನ್ನೆದುರಿಗೇ ಮಗು ಹಾಲು ಕಕ್ಕಿತು, ನಾನು ಕರವಸ್ತ್ರ ಕೊಟ್ಟೆ. ನನ್ನ ಜೀನಿನ ಮೇಲೆ ನನಗೆ ಅಷ್ಟು ಮೋಹ. ನಾಚಿಕೆಯಾಗುತ್ತಿದೆ.

ಜನವರಿ ೧೪, ಶುಕ್ರವಾರ

ಸಂಕ್ರಾಂತಿ. ಕಿಟಕಿಯಿಂದ ಗಾಳಿಪಟಗಳು ಕಾಣುತ್ತವೆ. ಸಲೈನ್ ಇಳಿಯುತ್ತಿದೆ. ಇನ್ನೂ ಕಣ್ಣು ಬಿಟ್ಟಿಲ್ಲ.

ಜನವರಿ ೧೫, ಶನಿವಾರ

ಕಣ್ಣು ಬಿಟ್ಟಳು. ಸಂಜೆ ಒಂದು ಚೂರು ಅತ್ತಳು. ಅದನ್ನು ಕೇಳಿ ಯಂಕಮ್ಮ, ಗುರುದೇವಿ, ನಾನು ಮೂವರೂ ಅತ್ತೆವು. ಆಯಾ ಬಂದು ಗದರಿಸಿ ಹೊರಗೆ ಕಳಿಸಿದಳು.

ಜನವರಿ ೧೭, ಸೋಮವಾರ

ಇಂದು ಬೆಳಿಗ್ಗೆ ಮರಿಗಾಗಿ ಜೋಡಿ ಮಾಡಿದ ಇಲಿಗಳನ್ನು ನೋಡಬೇಕಿತ್ತು. ಲ್ಯಾಬ್‌ಗೆ ಫೋನ್ ಮಾಡಿ ಬೇರೆಯವರಿಗೆ ಒಪ್ಪಿಸಿದೆ.

ಆಸ್ಪತ್ರೆಯ ಮೆಟ್ಟಿಲ ಮೇಲೆ ಬಂಡೆಪ್ಪ ಕುಳಿತಿದ್ದ. ನಾನೂ ಕುಳಿತೆ. ಅವನೇ ಕೇಳಿದ.

"ಮೇಡಂ, ಇದು ಯಾರ ತಪ್ಪರಿ? ನಂದಾ, ಆಕೀದಾ?"

"ಯಾರ ತಪ್ಪೂ ಅಲ್ಲ. ಇಬ್ಬರಿಂದಲೂ ಸ್ವಲ್ಪ ಸ್ವಲ್ಪ ಬಂದಿರ್ತದ. ನಿನಗೂ ಗೊತ್ತಿಲ್ಲ, ಆಕಿಗೂ ಗೊತ್ತಿಲ್ಲ."

"ಹೆಣ್ಣು ಅಂತೀರಿ."

"ಒಳಗ ಎಲ್ಲಾ ಹೆಣ್ಣಿಂದ ಅದ. ಹೊರಗ ಬ್ಯಾರೆ ಕಾಣಸ್ತದ. ಕತ್ತರಿ ಹಾಕೂದಕ್ಕ ಅವಸರ ಬ್ಯಾಡ, ದೊಡ್ಡಾಕಿ ಆಗಿ ತಾನ ಹೇಳ್ಲಿ ಅಂತಾಳ ಶೋಭಾ. ಮಾತ್ರೆ ಮಾತ್ರ ಜೀವ ಇರೂತನ ಬೇಕು. ಒಂದು ದಿನಾನೂ ತಪ್ಪಬಾರದು."

"ಮಾತ್ರಿ ಕೊಟ್ರ ಬದಕತೈತ್ರಿ?"

"ಎಲ್ಲಾರ ಹಂಗ ಬದಕ್ತಾಳ. ಸಾಲಿಗೆ ಹೋಗ್ತಾಳ, ನಿನಗ ಎದುರು ಮಾತಾಡ್ತಾಳ."

ಅವನು ಸಿಮೆಂಟು ಕಚ್ಚಿದ ಉಗುರುಗಳನ್ನು ನೋಡಿಕೊಂಡ. "ನಾ ಪೇಢೆ ಹಂಚೀನ್ರಿ" ಎಂದ ಮತ್ತೆ.

"ಹಂಚಿದರೇನಾತು? ಈಗ ಜಿಲೇಬಿ ಹಂಚು. ಹೆಣ್ಣು ಹುಟ್ಟಿದರ ಜಿಲೇಬಿ ತಾನ?"

ನಗಲಿಲ್ಲ. ಎದ್ದು ಹೋದ. ನನಗೆ ತಮಾಷೆ ಮಾಡುವ ಹೊತ್ತು ತಿಳಿಯುವುದಿಲ್ಲ ಎಂದು ಶ್ರೀಹರ್ಷ ಹೇಳುತ್ತಲೇ ಇರುತ್ತಾನೆ.

ಜನವರಿ ೨೪, ಸೋಮವಾರ

ಮಗು ಮನೆಗೆ ಬಂದು ಮೂರು ದಿನ. ಮೂರು ಹೊತ್ತು ಮಾತ್ರೆ. ಮಾತ್ರೆಯ ಚೂರನ್ನು ಎರಡು ಚಮಚದ ನಡುವೆ ಪುಡಿ ಮಾಡಿ, ಹಾಲಿನಲ್ಲಿ ಕಲಸಿ, ಚಿಟಿಕೆ ಉಪ್ಪಿನ ನೀರು ಬೇರೆ. ಗುರುದೇವಿಗೆ ಕೈ ಇನ್ನೂ ಕುದುರಿಲ್ಲವಾದ್ದರಿಂದ ಬೆಳಗಿನದನ್ನು ನಾನೇ ಕೊಡುತ್ತೇನೆ. ತೊಡೆಯ ಮೇಲೆ ಮಲಗಿಸಿಕೊಂಡು, ಕೆನ್ನೆ ಒತ್ತಿ, ನಾಲಿಗೆಯ ಬದಿಗೆ ಹಾಕಬೇಕು. ನಡುವೆ ಹಾಕಿದರೆ ಉಗುಳುತ್ತಾಳೆ. ಜಾಣೆ. ನಾನು ಲ್ಯಾಬ್‌ಗೆ ಹೊರಡುವುದು ಈಗ ಎರಡು ಬಸ್ಸು ತಡ. ಜನ ಕಡಿಮೆ, ಅನುಕೂಲವೇ ಆಗಿದೆ.

ಯಂಕಮ್ಮ ಮೊಮ್ಮಗಳನ್ನು ಉಪ್ಪವ್ವ ಎಂದು ಕರೆಯುತ್ತಾಳೆ. ಸಾವು ಬಾಗಿಲಿಗೆ ಬಂದುಹೋದ ಕೂಸಿಗೆ ಅಗ್ಗದ ಹೆಸರಿಟ್ಟರೆ ಯಮ ಮತ್ತೆ ತಿರುಗಿ ನೋಡುವುದಿಲ್ಲವಂತೆ. ಬಂಡೆಪ್ಪ ಹೆಸರು ಎತ್ತಿಲ್ಲ. ತೊಟ್ಟಿಲು ಇನ್ನೂ ಖಾಲಿ.

ಜನವರಿ ೩೧, ಸೋಮವಾರ

ಪ್ರಬಂಧ ಇಂದು ಹೋಗಬೇಕಿತ್ತು, ಹೋಗಲಿಲ್ಲ. ಗುರುರಾಜ ಸರ್ ಚಿತ್ರಗಳನ್ನು ನೋಡುತ್ತ, ಮಿಶ್ರ ಭ್ರೂಣಗಳನ್ನು ಬಿಟ್ಟುಬಿಡೋಣ, ಓದುವವರಿಗೆ ಗೊಂದಲ ಎಂದರು. ನಾನು ಒಪ್ಪಲಿಲ್ಲ. ಜೀನು ಎಷ್ಟು ಹೊತ್ತಿಗೆ ಎದ್ದಿತು ಎಂಬುದು ಇವುಗಳಲ್ಲೇ ಕಾಣಿಸುತ್ತದೆ, ನಡುವೆ ತಲುಪಿದೆ, ತುದಿಗೆ ತಲುಪುವಷ್ಟರಲ್ಲಿ ಹೊತ್ತು ಮೀರಿದೆ ಎಂದೆ. 'ಇತರೆ' ಎಂದು ಬದಿಗಿಟ್ಟವುಗಳನ್ನೆಲ್ಲ ಮತ್ತೆ ಹೊರತೆಗೆದು ಒಂದೊಂದರದ್ದೂ ಚಿತ್ರ ತೆಗೆಯಬೇಕು. ಎರಡು ವಾರ ಹಿಡಿಯುತ್ತದೆ. "ಮೊದಲು ನೀವೇ ಅಲ್ಲವೇ ಇವುಗಳಿಗೆ ಬೈಯುತ್ತಿದ್ದವರು?" ಎಂದರು ಸರ್. ನನಗೆ ಹಾಗೆ ಬೈದ ನೆನಪಿಲ್ಲ.

ಫೆಬ್ರವರಿ ೧೨, ಶನಿವಾರ

ನಾಳೆ ತೊಟ್ಟಿಲಿಗೆ ಹಾಕುತ್ತಾರಂತೆ. ಆದರೆ ಕಿವಿಯಲ್ಲಿ ಹೆಸರು ಕೂಗಬೇಕಾದವಳು ಸೋದರತ್ತೆ. ಬಂಡೆಪ್ಪನ ಅಕ್ಕ ಜಯಮ್ಮ ಊರಿನಿಂದ ಬರಲು ಒಪ್ಪಿಲ್ಲ. "ಹೆಣ್ಣು ಗಂಡು ತಿಳೀದ ಕೂಸಿಗೆ ನಾ ಹೆಸರ ಕೂಗಂಗಿಲ್ಲ ಅಂತ ಫೋನ್ ಇಟ್ಟಳ್ರಿ" ಎಂದಳು ಯಂಕಮ್ಮ. ಅತ್ತೆ ಕೂಗದ ಹೆಸರು ಹೆಸರೇ ಅಲ್ಲವಂತೆ. ನಾಳೆ ಯಾರಾದರೂ ಇವಳನ್ನು ಯಾರ ಮನೆಯ ಕೂಸು ಎಂದರೆ ಹೇಳಲು ಬಾಯಿರುವುದಿಲ್ಲವಂತೆ. ನಾನು ಸಿಟ್ಟಿಗೆದ್ದು ಜಯಮ್ಮನಿಗೆ ಮನಸ್ಸಿನಲ್ಲೇ ಧಾರವಾಡದ ಬೈಗುಳ ಬೈದೆ. ಬಂಡೆಪ್ಪ ಎದ್ದು ಪೇಟೆಗೆ ಹೋದನಂತೆ.

ಫೆಬ್ರವರಿ ೧೩, ಭಾನುವಾರ

ಅವನು ಪೇಟೆಗೆ ಹೋದದ್ದು ಜಿಲೇಬಿಗೆ. ಬೆಳಿಗ್ಗೆ ನಾನು ಮಾತ್ರೆ ಕೊಡಲು ಹೋದಾಗ ಏಳನೇ ಮಹಡಿಯಿಂದ ಹಿಡಿದು ಕಾವಲುಗಾರನವರೆಗೆ ಎಲ್ಲರ ಕೈಯಲ್ಲೂ ಜಿಲೇಬಿ ಇತ್ತು. ಪೇಢೆ ತಿಂದ ಬಾಯಿಗಳೇ ಜಿಲೇಬಿ ತಿನ್ನುತ್ತಿದ್ದವು. ಒಬ್ಬ ಮೇಸ್ತ್ರಿ ಏನೋ ಕೇಳಲು ಬಾಯಿ ತೆರೆದ. ಬಂಡೆಪ್ಪ ಅವನ ಬಾಯಿಗೆ ಇನ್ನೊಂದು ತುರುಕಿ ಮುಂದೆ ಹೋದ.

ಗುಡಿಸಲಿನಲ್ಲಿ ಹೆಂಗಸರು ಸೇರಿದ್ದರು. ಮೊದಲು ರುಬ್ಬುವ ಗುಂಡನ್ನು ಬಟ್ಟೆಯಲ್ಲಿ ಸುತ್ತಿ, ಕೂಸು ಎಂದು ಕರೆದು, ತೊಟ್ಟಿಲ ಕೆಳಗಿನಿಂದ ಮೇಲಕ್ಕೆ ಕೈಯಿಂದ ಕೈಗೆ ದಾಟಿಸಿದರು. ಕೇಡೆಲ್ಲ ಆ ಕಲ್ಲಿಗೆ ಹೋಗಲಿ ಎಂದು. ಆಮೇಲೆ ಅವಳನ್ನು ಹಾಗೇ ದಾಟಿಸಿ ಹಸಿರು ಸೀರೆಯೊಳಗೆ ಮಲಗಿಸಿದರು. ಸೀರೆ ಭಾರಕ್ಕೆ ಒಮ್ಮೆ ಕೆಳಗಿಳಿದು ನಿಂತಿತು. ಇಷ್ಟು ದಿನ ಅದು ಖಾಲಿಯಾಗಿ ಗಾಳಿಗೆ ಆಡುವುದನ್ನೇ ನೋಡಿದ್ದೆ.

ಹೆಸರು ಕೂಗುವ ಹೊತ್ತು ಬಂತು. ಹೆಂಗಸರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಗುರುದೇವಿ ತಲೆ ತಗ್ಗಿಸಿದಳು. ನಾನು ಹಿಂದೆ, ಬಾಗಿಲ ಹತ್ತಿರ, ಚೀಲದಲ್ಲಿ ಮಾತ್ರೆ ಇಟ್ಟುಕೊಂಡು ನಿಂತಿದ್ದೆ.

ಬಂಡೆಪ್ಪ ಹೊರಗಿನಿಂದ ಬಗ್ಗಿ ಒಳಗೆ ಬಂದ. ಕೈ ತೊಳೆದಿದ್ದ.

"ಮೇಡಂ" ಎಂದು ನಿಂತ. "ಅಕ್ಕಾ, ನೀ ಬಾ. ನೀನ ಕೂಗು."

ನನಗೆ 'ನಾನು ಡಾಕ್ಟರಲ್ಲ' ಎನ್ನುವುದಷ್ಟೇ ಅಭ್ಯಾಸ. ನಾನು ನಿನ್ನ ಅಕ್ಕ ಅಲ್ಲ ಎನ್ನಲು ಬಾಯಿ ಬರಲಿಲ್ಲ. ಹೋಗಿ ತೊಟ್ಟಿಲ ಮೇಲೆ ಬಗ್ಗಿದೆ. ಏನೆಂದು ಕೂಗಲಿ ಎಂದು ಕೇಳಿದೆ.

"ಶಂಕ್ರಮ್ಮ" ಎಂದ. "ನಮ್ಮವ್ವನ ಹೆಸರು."

ಅವನ ತಾಯಿ ತೀರಿಕೊಂಡು ವರ್ಷವಾಗಿಲ್ಲ ಎಂದು ಯಂಕಮ್ಮ ಹೇಳಿದ್ದಳು.

ಅತ್ತೆ ಕಿವಿಯಲ್ಲಿ 'ಕುರ್ರ್' ಎಂದು ಹೆಸರು ಕೂಗುವಾಗ ಉಳಿದ ಹೆಂಗಸರು ಅವಳ ಬೆನ್ನಿಗೆ ಗುದ್ದಬೇಕಂತೆ. ಅದನ್ನು ನನಗೆ ಯಾರೂ ಮೊದಲು ಹೇಳಿರಲಿಲ್ಲ. ಇಟ್ಟಿಗೆ ಹೊರುವ, ಕಾಂಕ್ರೀಟು ಕಲಸುವ ಕೈಗಳು. ಒಂದೊಂದು ಗುದ್ದಿಗೂ ನಕ್ಕರು, ಯಂಕಮ್ಮ ಎಲ್ಲರಿಗಿಂತ ಜೋರಾಗಿ ಗುದ್ದಿದಳು. ಶಂಕ್ರಮ್ಮ ಕಣ್ಣರಳಿಸಿ ನನ್ನನ್ನೇ ನೋಡುತ್ತಿದ್ದಳು. ನಾನು ಅತ್ತುಬಿಟ್ಟೆ. ಗುದ್ದಿಗೆ ಅತ್ತಳು, ಪ್ಯಾಟಿ ಮಂದಿ ಮೈ ಮೆತ್ತಗ ಎಂದು ಮತ್ತೆ ನಕ್ಕರು.

ಬೆನ್ನು ಇನ್ನೂ ಉರಿಯುತ್ತಿದೆ. ಮುಲಾಮು ಹಚ್ಚಲೇ ಎಂದು ಶ್ರೀಹರ್ಷ ಕೇಳಿದ. ಬೇಡ ಎಂದೆ.